ಹೆಬ್ಬೆರಳಿನಲ್ಲಿ ಇಲ್ಲದ ಮುಳ್ಳು

ಬೆಳಿಗ್ಗೆ ಎದ್ದಾಗ ಬಲಗಾಲಿನ ಹೆಬ್ಬೆರಳು ಬಾತು, ಹಣ್ಣು ಮೆಣಸಿನಕಾಯಿಯಂತೆ ಕೆಂಪಗೆ ಹೊಳೆಯುತ್ತಿತ್ತು. ಚಾದರದ ಅಂಚು ತಾಗಿದರೂ ಜೀವ ಹೋದಂತಾಗುತ್ತಿತ್ತು. ಫ್ಯಾನಿನ ಗಾಳಿಯೂ ನೋಯಿಸಬಲ್ಲದೆಂದು ಈ ವಯಸ್ಸಿನಲ್ಲಿ ತಿಳಿಯಿತು. ಪಕ್ಕದ ಬೆರಳು ಮಾತ್ರ ತನಗೇನೂ ಸಂಬಂಧವಿಲ್ಲವೆಂಬಂತೆ ತಣ್ಣಗಿತ್ತು. ಇಡೀ ಮೈಯಲ್ಲಿ ಇದೊಂದೇ ಏಕೆ ಎಂದು ನರಳುತ್ತಲೇ ನೋಡುತ್ತ ಕುಳಿತೆ.

ಹೆಂಡತಿಗೆ ಅನುಮಾನವೇ ಇರಲಿಲ್ಲ. ಹೊಲಕ್ಕೆ ಹೋಗಿ ಬಂದವರ ಕಾಲು ಬಾತರೆ ನಮ್ಮಲ್ಲಿ ಮೊದಲು ಮುಳ್ಳನ್ನೇ ಹುಡುಕುತ್ತಾರೆ.

"ಜಾಲಿಮುಳ್ಳು ಮುರದೈತಿ. ಚಪ್ಪಲಿ ಮೆಟ್ಟಾಕ ಏನ್ ಧಾಡಿ ನಿಮಗ?"

ಹಿಂದಿನ ದಿನ ನಾನು ಹೊಲಕ್ಕೆ ಹೋಗಿರಲಿಲ್ಲ. ಅಸುಂಡಿಯ ಹೊಲದಲ್ಲಿ ಉಳ್ಳಾಗಡ್ಡಿ ಬೆಳೆ ನೋಡಿ ಬರುತ್ತೇನೆಂದು ಹೇಳಿ, ಗೆಳೆಯನ ಬೈಕಿನಲ್ಲಿ ಕೊರ್ಲಹಳ್ಳಿಯ ಹೊಳೆದಂಡೆಗೆ ಹೋಗಿದ್ದೆ. ಹುರಿದ ಮೀನು ತಿಂದು ಬೀರು ಕುಡಿದಿದ್ದೆ. ಕುಡಿಯುವುದು ಬಿಟ್ಟೆನೆಂದು ಅವಳ ಕೈಮುಟ್ಟಿ ಹೇಳಿದವನೂ ನಾನೇ. ಮುಳ್ಳಲ್ಲ ಎಂದರೆ ಅದೆಲ್ಲ ಹೊರಬರುತ್ತಿತ್ತು. ಸುಮ್ಮನೆ ಕಾಲು ಚಾಚಿದೆ.

ಅವಳು ಕನ್ನಡಕ ಹಾಕಿಕೊಂಡು ಪಿನ್ನಿನಿಂದ ಕೆದಕಿದಳು. ಚೀರಿದೆ. "ಒಳಗ ಹೋಗೇತಿ, ತಡೀರಿ," ಎಂದು, ಮುಳ್ಳು ಮೇಲೆ ಬರಲೆಂದು ಬೆಲ್ಲ ಕಾಸಿ ಬಿಸಿಬಿಸಿ ಕಟ್ಟಿದಳು. ಬೆರಳಿಗೆ ಬೆಂಕಿ ಹತ್ತಿದಂತಾಯಿತು. ಮುಳ್ಳು ಸಿಗಲಿಲ್ಲವೆಂದು ಅವಳ ಕಣ್ಣಲ್ಲಿ ನೀರಾಡಿತು. ಅದನ್ನು ಕಂಡೂ ಬಾಯಿ ಬಿಡಲಿಲ್ಲ.

ಕೊನೆಗೆ ಬೆಟಗೇರಿಯಿಂದ ಆಟೋ ಹತ್ತಿಸಿ ಗದಗಿನ ಡಾಕ್ಟರರಲ್ಲಿಗೆ ಕರೆದೊಯ್ದಳು. ಅವರು ಬೆಲ್ಲ ಒರೆಸಿ ನೋಡಿದರು.

"ಅಜ್ಜಾರ, ಇದು ಮುಳ್ಳಲ್ರಿ, ಗೌಟ್ ಇದ್ದಂಗೈತಿ. ಯೂರಿಕ್ ಆಸಿಡ್ ಹೆಚ್ಚಾಗಿ ಕೀಲಿನ್ಯಾಗ ಸಣ್ಣ ಹರಳು ಕೂಡ್ತಾವ. ನಿನ್ನಿ ಏನ್ ತಿಂದ್ರಿ, ಏನ್ ಕುಡದ್ರಿ?"

"ರೊಟ್ಟಿ, ಝುಣಕ," ಎಂದಳು ಹೆಂಡತಿ. "ನಾನ ಬುತ್ತಿ ಕಟ್ಟಿಕೊಟ್ಟಿದ್ನಿರಿ."

ಆ ಬುತ್ತಿ ಹೊಳೆದಂಡೆಯ ನಾಯಿಗಳ ಪಾಲಾಗಿತ್ತು. ಇನ್ನು ತಡೆಯಲಾಗಲಿಲ್ಲ.

"ಮೀನು. ಬೀರು," ಎಂದೆ, ನೆಲ ನೋಡುತ್ತ.

ಡಾಕ್ಟರರು ರಕ್ತಪರೀಕ್ಷೆಗೆ ಬರೆದು, ಗುಳಿಗೆ ಕೊಟ್ಟು, ಬಿಸಿ ಬೇಡ, ಬಟ್ಟೆಯಲ್ಲಿ ಸುತ್ತಿದ ಬರ್ಫದ ಗಡ್ಡೆ ಇಡಿ, ಕಾಲು ಎತ್ತರದಲ್ಲಿರಲಿ ಎಂದರು. ಮನೆಗೆ ಬಂದೊಡನೆ ಅವಳು ದಿಂಬಿನ ಮೇಲೆ ನನ್ನ ಕಾಲಿಟ್ಟಳು. ಚಾದರ ತಾಗದಿರಲೆಂದು ಕಾಲಿನ ಮೇಲೆ ಖಾಲಿ ರಟ್ಟಿನ ಡಬ್ಬಿ ಬೋರಲು ಹಾಕುವ ಉಪಾಯವೂ ಅವಳದೇ. ಬರ್ಫ ಇಡುತ್ತಿದ್ದಂತೆ ಉರಿ ಮೆಲ್ಲಗೆ ಇಳಿಯಿತು. ಕಣ್ಣಿಗೆ ಕಾಣದ ಹರಳು ಒಬ್ಬ ಗಂಡಸನ್ನು ಇಷ್ಟು ಚೀರಿಸಬಲ್ಲದೇ ಎಂದು ಸೋಜಿಗಪಡುತ್ತಿದ್ದೆ.

"ಮೀನು ಛಲೋ ಇದ್ದುವೇನು?" ಕೇಳಿದಳು.

ಇನ್ನೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಛಲೋ ಇದ್ದುವು," ಎಂದೆ.

ಅವಳು ಬರ್ಫವನ್ನು ತುಸು ಒತ್ತಿದಳು. ಈ ಸಲ ನಾನು ಚೀರಲಿಲ್ಲ.