ಅಣ್ಣ ಹೇಳಿದ್ದನ್ನು ಕೇಳಿದವರು

ನಾನು ನಿಂತದ್ದು ಎಕ್ಸ್-ರೇ ಮೇಜಿನ ತಲೆಯ ಕಡೆ, ಅಣ್ಣನ ಬಲಭುಜಕ್ಕೆ ತಾಗಿಕೊಂಡು. ಅರುವತ್ತಾರನೆಯ ಇಸವಿಯ ಬೇಸಗೆ, ಬೆಳಗಿನ ಹೊತ್ತು, ಮದರಾಸಿನ ಒಂದು ಆಸ್ಪತ್ರೆ. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ, ಅಣ್ಣನಿಗೆ ಕನ್ನಡ, ತುಳು ಬಿಟ್ಟು ಬೇರೆ ಬರುತ್ತಿರಲಿಲ್ಲ. ನಡುವೆ ಇಂಗ್ಲಿಷಿನಲ್ಲಿ ಮಾತು ದಾಟಿಸಲಿಕ್ಕೆಂದು ನನಗೂ ಸೀಸದ ಭಾರದ ಅಂಗಿ ತೊಡಿಸಿ ಒಳಗೆ ಬಿಟ್ಟಿದ್ದರು. ಅತ್ತಿಗೆಯ ಅಣ್ಣ, ನಾನು ಭಾವ ಎಂದು ಕರೆಯುವವರು, ಅರೆ ತೆರೆದ ಬಾಗಿಲಲ್ಲಿ ಅಣ್ಣನ ಬಟ್ಟೆ ಹಿಡಿದುಕೊಂಡು ನಿಂತಿದ್ದರು. ಮದರಾಸಿನಲ್ಲಿ ಅವರಿಗೆ ವ್ಯಾಪಾರವಿತ್ತು. ಡಾಕ್ಟರನ್ನು ಗೊತ್ತುಮಾಡಿದವರೂ ಅವರೇ.

ಅಣ್ಣನ ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಬೀಡಿ ಸೇದುವವರಿಗೆ ಬರುವ ಕಾಯಿಲೆ. ರಕ್ತನಾಳ ಎಲ್ಲಿ ಮುಚ್ಚಿದೆ ಎಂದು ನೋಡದೆ ಕಾಲು ಉಳಿಸಲಾಗದು ಎಂದಿದ್ದರು. ತೊಡೆಯ ನಾಳದೊಳಗಿಂದ ಸಪೂರ ನಳಿಗೆಯೊಂದನ್ನು ಮೇಲಕ್ಕೆ ತಳ್ಳಿ, ಎಕ್ಸ್-ರೇಯಲ್ಲಿ ಕಾಣುವ ಔಷಧ ಬಿಟ್ಟು ಚಿತ್ರ ತೆಗೆದರು. ಮೊದಲನೆಯದು ಮಸುಕಾಯಿತು.

ಆಗ ಅಣ್ಣ ನನ್ನ ಕೈ ಹಿಡಿದ.

"ಎದೆ ಒಮ್ಮೆ ಓಡ್ತದೆ, ಒಮ್ಮೆ ನಿಲ್ತದೆ. ಸಾಕು ಹೇಳು ಅವರಿಗೆ."

ನಾನು ಹೇಳಿದೆ. ಅಳುಕಿ ಅಲ್ಲ, ಸ್ಪಷ್ಟವಾಗಿಯೇ ಹೇಳಿದೆ. ನಾಡಿ ಹಿಡಿದಿದ್ದ ನರ್ಸ್ ಕೂಡ ತಲೆಯೆತ್ತಿ ಡಾಕ್ಟರ ಮುಖ ನೋಡಿದರು. ಡಾಕ್ಟರು ನನ್ನನ್ನು ಬಿಟ್ಟು ಬಾಗಿಲ ಕಡೆ ತಿರುಗಿ, ಔಷಧ ಹೋದಾಗ ಹಾಗಾಗುವುದಿದೆ, ಇನ್ನೊಂದೇ ಚಿತ್ರ, ಎಂದು ತಮಿಳಿನಲ್ಲಿ ಹೇಳಿದರು. ಅಷ್ಟು ತಮಿಳು ನನಗೂ ತಿಳಿಯಿತು. ಭಾವ ಆಗಲಿ ಎಂದು ತಲೆಯಾಡಿಸಿದರು. ಆಮೇಲೆ ಅಣ್ಣನಿಗೆ, "ಇನ್ನೊಂದೇ ಅಲ್ವಾ, ಸುಧಾರಿಸು ಮಾರಾಯ," ಎಂದರು. ಅಣ್ಣನ ಹಿಡಿತ ಬಿಗಿಯಾಯಿತು.

ಎರಡನೆಯ ಸಲ ಔಷಧ ಹೋದ ಮೇಲೆ ಆ ಹಿಡಿತ ಸಡಿಲಾಯಿತು. ಎದೆ ಒತ್ತಿದರು, ತುಂಬ ಹೊತ್ತು ಒತ್ತಿದರು. ಬಡಿತ ಮರಳಲಿಲ್ಲ.

ಅಸ್ಥಿ ಹಿಡಿದುಕೊಂಡು ನಾನು ಊರಿಗೆ, ಪೆರಾಬೆಯ ಮನೆಗೆ ಬರುವಾಗ ಭಾವ ಮೊದಲೇ ಬಂದು ಹೇಳಿಯಾಗಿತ್ತು: ಅವನು ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಡಾಕ್ಟರು ನಿಲ್ಲಿಸುತ್ತಿದ್ದರು. ಎಲ್ಲರೂ ನಂಬಿದರು. ಅಣ್ಣ ಅಂಥವನೇ ಆಗಿದ್ದ. ಹಾರೆ ಕಾಲ ಮೇಲೆ ಬಿದ್ದ ದಿನವೂ ಎಂತ ಇಲ್ಲ ಎಂದು ಹೆಗಲ ಬೈರಾಸು ಗಾಯಕ್ಕೆ ಸುತ್ತಿ ತೋಟದ ನೀರಿನ ಕಣಿ ತೋಡಿ ಮುಗಿಸಿದವನು. ಬಂದವರೆಲ್ಲ ಅದನ್ನೇ ನೆನೆದು ಹೊಗಳಿದರು. ಅತ್ತಿಗೆ ಕಂಬಕ್ಕೊರಗಿ ಕೇಳುತ್ತಿದ್ದರು. ಒಂದು ಮಾತು ಆಡಿದ್ದರೆ ಬದುಕುತ್ತಿದ್ದ ಗಂಡ ಅದನ್ನೂ ಆಡಲಿಲ್ಲ ಎಂಬುದಷ್ಟೇ ಅವರ ಪಾಲಿಗೆ ಉಳಿದದ್ದು.

ನಡೆದದ್ದನ್ನು ನಾನು ಹೇಳಿದೆ. ಅವರು ಕೊನೆಯವರೆಗೆ ಕೇಳಿದರು.

"ನನ್ನ ಸಮಾಧಾನಕ್ಕೆ ಹೇಳುದು ನೀನು. ನನ್ನ ಅಣ್ಣ ನನ್ನತ್ರ ಯಾಕೆ ಸುಳ್ಳು ಹೇಳ್ತಾನೆ?"

ಭಾವನ ಊರು ಕೊಲ್ಲಮೊಗ್ರು. ಅಲ್ಲಿಗೇ ಹೋಗಿ, ತಂಗಿಗೆ ನಿಜ ಹೇಳಿ ಎಂದು ಕೇಳಿಕೊಂಡೆ. ಅವರು ಕಾಫಿ ತರಿಸಿದರು.

"ಈಗ ಅದೆಲ್ಲ ಎಂತಕ್ಕೆ ಮಾರಾಯ? ಧೈರ್ಯಸ್ಥ ಅಂತ ಹೆಸರು ಉಂಟಲ್ಲ ಅವನಿಗೆ. ಅದೂ ಬೇಡ್ವಾ?"

ಕಾಫಿ ಕುಡಿಯದೆ ಬಂದೆ. ಅತ್ತಿಗೆ ಈಗಲೂ ಹಾಗೆಯೇ ನಂಬಿದ್ದಾರೆ. ಡಾಕ್ಟರು ತೀರಿಕೊಂಡರೆಂದು ಕೇಳಿದೆ. ನರ್ಸ್ ಎಲ್ಲಿದ್ದಾರೋ ತಿಳಿಯದು. ಅಣ್ಣ ಹೇಳಿದ್ದನ್ನು ಕೇಳಿದವರಲ್ಲಿ ನಾನಿದ್ದೇನೆ. ಭಾವ ಇದ್ದಾರೆ, ಕೊಲ್ಲಮೊಗ್ರಿನಲ್ಲಿ. ಅವರ ಕಿವಿ ಈಗಲೂ ಚೆನ್ನಾಗಿ ಕೇಳುತ್ತದೆ.