ಏಳು ಅಡಿಯ ಸಮಾಧಿ

ಸಮಾಧಿ ಏಳು ಅಡಿ ಉದ್ದ, ಎರಡೂವರೆ ಅಡಿ ಅಗಲ ಇತ್ತು. ಅದೇ ಹೊಲದ ಉಳಿದ ಸಮಾಧಿಗಳೆಲ್ಲ ಚೌಕ. ಲಿಂಗಾಯತರು ಸತ್ತವರನ್ನು ಕೂರಿಸಿ ಹೂಳುತ್ತಾರೆ; ಉದ್ದನೆಯ ಗುಂಡಿ ಬೇಕಾಗುವುದಿಲ್ಲ. ಟೇಪು ಸುತ್ತುತ್ತ ಹೊಲದ ಮಾಲೀಕರನ್ನು ಕಾರಣ ಕೇಳಿದೆ.

ಎರಡು ವರ್ಷದ ಹಿಂದೆ ನಾನು ಮಾನ್ವಿಯಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ. ಪೋತ್ನಾಳದ ಹತ್ತಿರ ರಾಯಚೂರು ರಸ್ತೆಯನ್ನು ಅಗಲಗೊಳಿಸುತ್ತಿದ್ದೆವು. ಆ ಸಮಾಧಿ ‘ರೈಟ್ ಆಫ್ ವೇ’, ಅಂದರೆ ರಸ್ತೆಗೆ ಮೀಸಲಾದ ಜಾಗದೊಳಗೆ ನಾಲ್ಕು ಅಡಿ ಬಂದಿತ್ತು. ಹೊಲದ ಮಾಲೀಕ ಚನ್ನಪ್ಪನವರ ಅಣ್ಣ ಶಿವರಾಜ ಯುದ್ಧವಿಮಾನದ ಪೈಲಟ್. 1971ರ ಯುದ್ಧದಲ್ಲಿ ತೀರಿಕೊಂಡರು. ಮನೆಗೆ ಬಂದದ್ದು ಮೊಳೆ ಹೊಡೆದ ಉದ್ದನೆಯ ಪೆಟ್ಟಿಗೆ. ತೆರೆಯಬೇಡಿ ಎಂದಿದ್ದರಂತೆ. ಹಾಗೆಯೇ ಹೂತರು.

ಸಮಾಧಿ ಸ್ಥಳಾಂತರದ ಸುದ್ದಿ ಕೇಳಿ ಚನ್ನಪ್ಪನವರ ಅಕ್ಕ ನೀಲಮ್ಮ ದೇವದುರ್ಗದಿಂದ ಬಂದರು. ಅಣ್ಣ ಒಂದು ಕಡೆ ಕೂರುವವನೇ ಅಲ್ಲ, ಊಟವೂ ನಿಂತೇ. ಅವ್ವ ಬೈದರೆ, ವಿಮಾನದಲ್ಲಿ ಹೇಗೂ ಕೂತೇ ಇರುತ್ತೇನಲ್ಲ ಅನ್ನುತ್ತಿದ್ದ ಎಂದು ಹೇಳಿ ನಕ್ಕರು.

“ಕುಂತು ಹೋದಾಂವನ್ನ ಮಲಗಿಸಿ ಇಟ್ಟೀವಿ, ಯವ್ವಾ. ಈಗರೆ ಕೂಡಸ್ತೀವಿ.”

ಸಂಜೆ ಚನ್ನಪ್ಪ ಒಬ್ಬರೇ ಸೈಟಿಗೆ ಬಂದರು.

“ಮೇಡಂರೀ, ಪೆಟಗಿ ಹೊತ್ತಾಂವ ನಾನು. ತೂಕನ ಇದ್ದಿಲ್ಲ. ಅಕ್ಕಗ ಇವತ್ತಿನ ತನಕ ಹೇಳಿಲ್ಲ. ರೋಡು ಒಂದೀಟು ಸರಿಸ್ರಿ.”

ನಕ್ಷೆಯ ಮೇಲೆ ಹಲವು ಸಲ ಪ್ರಯತ್ನಿಸಿದೆ. ಆಚೆ ಬದಿಗೆ ಕಾಲುವೆ. ರಸ್ತೆ ಸರಿಯಲಿಲ್ಲ.

ತಹಶೀಲ್ದಾರರ ಅನುಮತಿ ಬಂದ ಮೇಲೆ ಅಗೆಸಿದೆವು. ಹೊಲದ ಒಳಭಾಗದಲ್ಲಿ ಹೊಸ ಚೌಕ ಗುಂಡಿ ಸಿದ್ಧವಾಗಿತ್ತು. ವಿಧಿ ಮಾಡಿಸುವ ಅಯ್ಯನವರು ವಿಭೂತಿ, ಪತ್ರೆ ಹಿಡಿದು ನಿಂತಿದ್ದರು. ಹಳೆಯದರಲ್ಲಿ ತುಕ್ಕು ಹಿಡಿದ ಮೊಳೆಗಳು ಸಿಕ್ಕವು, ಹಲಗೆಯ ಪುಡಿ ಸಿಕ್ಕಿತು. ಚನ್ನಪ್ಪ ಕೂಲಿಯವರನ್ನು ಮೇಲೆ ಕಳಿಸಿ, ತಾವೇ ಇಳಿದು ಕೈಯಿಂದ ಸರಿಸತೊಡಗಿದರು. ಎರೆಮಣ್ಣು. ಅದರ ಕೆಳಗೂ ಎರೆಮಣ್ಣು.

ನೀಲಮ್ಮನವರಿಗೆ ಕಣ್ಣು ಮಂಜು. ಅಂಚಿನಲ್ಲಿ ಹಾಕಿದ್ದ ಕುರ್ಚಿಯಿಂದಲೇ ಕೇಳಿದರು.

“ಅದಾನೇನೋ, ಚನ್ನಾ?”

ಚನ್ನಪ್ಪ ತಲೆಯೆತ್ತಿ ನನ್ನನ್ನು ನೋಡಿದರು.

“ಅದಾರ್ರಿ, ಅಮ್ಮಾ,” ಅಂದೆ ನಾನು.

“ಹಂಗಾರ ತಲಿ ಹಿಡಕೊಂಡು ಕೂಡ್ಸಪಾ. ವಾಲತದ.”

ಚನ್ನಪ್ಪ ಎರಡು ಬೊಗಸೆ ಮಣ್ಣನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿದರು. ಹೊಸ ಗುಂಡಿಯಲ್ಲಿ ಅದನ್ನು ಇಟ್ಟು, ಅಯ್ಯನವರ ಮಂತ್ರ ಮುಗಿಯುವವರೆಗೂ ಗಂಟಿನ ಮೇಲ್ತುದಿಯನ್ನು ಹಿಡಿದೇ ಇದ್ದರು.

ಎಲ್ಲಿ ಅಗೆಯಬೇಕೆಂದು ಗುರುತು ಹಾಕುವಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಅಗೆದಾಗ ಅಂಚಿನಲ್ಲಿ ಕೂತವರು ಕೇಳಿದ್ದಕ್ಕೆ ಉತ್ತರ ಕೊಡುವುದೂ ಅದರಲ್ಲಿ ಸೇರಿದೆ ಎಂದು ಅಂದು ಗೊತ್ತಾಯಿತು.

ಮರುದಿನ ಬೆಳಿಗ್ಗೆ, ರೋಲರ್ ಬರುವ ಮೊದಲೇ ಹೋಗಿ, ಹಳೆಯ ಗುಂಡಿಗೆ ಇಳಿದೆ. ತಳದ ಮಣ್ಣನ್ನು ಹಿಡಿಹಿಡಿಯಾಗಿ ತೆಗೆದು ಬೆರಳಲ್ಲಿ ಪುಡಿಮಾಡಿ ನೋಡುತ್ತಿದ್ದೆ, ಡ್ರೈವರ್ ಮೇಲಿನಿಂದ ಕರೆಯುವವರೆಗೆ.