ಒಂದು ಕೈಗೆ ಏಳುವ ದಮಣಿ

ಭಾಲ್ಕಿಯ ಬಡಗಿಯ ಅಂಗಳದಲ್ಲಿ ಅಂದು ಮೂರು ಬಂಡಿ ನಿಂತಿದ್ದವು. ನನ್ನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಭಾಲ್ಕಿ ನನ್ನ ತವರು, ಔರಾದ ತಾಲೂಕಿನಲ್ಲಿ ಚಿಂತಾಕಿಯ ಹತ್ತಿರದ ಹಳ್ಳಿ ಗಂಡನ ಮನೆ. ಬಂಡಿ ಕೊಳ್ಳಲು ಬಂದ ಅತ್ತೆ-ಮಾವ ನನ್ನನ್ನೂ ಕರೆತಂದಿದ್ದರು. ತವರಿಗೆ ಬಂದ ಖುಷಿ ಇರಬೇಕಿತ್ತು, ಇರಲಿಲ್ಲ. ಆ ವರ್ಷ ಉಂಡ ಅನ್ನವೇ ಮೈಗೆ ಹತ್ತುತ್ತಿರಲಿಲ್ಲ, ಇನ್ನು ಖುಷಿ ಎಲ್ಲಿಂದ ಹತ್ತಬೇಕು.

ನಿಜಾಮನ ಆಳ್ವಿಕೆಯ ಕೊನೆಯ ಮಳೆಗಾಲ ಅದು. ಕೊನೆಯದೆಂದು ನಮಗೇನು ಗೊತ್ತು? ಖಾಕಿ ತೊಟ್ಟು ಬಂದೂಕು ಹಿಡಿದು ಗುಂಪಾಗಿ ಬರುವವರಿಗೆ ನಮ್ಮ ಮನೆಯಲ್ಲಿ ಹೆಸರೇ ಇರಲಿಲ್ಲ, ಬರೀ ‘ಅವರು’. ಅವರು ಆ ಊರಿಗೆ ಬಂದರಂತೆ, ಬಣವೆಗೆ ಬೆಂಕಿ ಇಟ್ಟರಂತೆ, ಗಂಡಸರನ್ನು ಎಳೆದೊಯ್ದರಂತೆ. ಬೆಳಗಾದರೆ ಒಂದು ಹೊಸ ‘ಅಂತೆ’. ಸುತ್ತಲಿನ ಹಳ್ಳಿಗಳ ಗಂಡಸರು ಒಬ್ಬೊಬ್ಬರಾಗಿ ಗಡಿ ದಾಟಿ ಹೋಗುತ್ತಿದ್ದರು. ಮಾವ, ನನ್ನ ಗಂಡ ಇಬ್ಬರೂ ಇವತ್ತಲ್ಲ ನಾಳೆ ಹೋಗುವವರೇ. ಆಮೇಲೆ ಮನೆಯಲ್ಲಿ ಅತ್ತೆ ಮತ್ತು ನಾನು. ನಮ್ಮ ಮನೆಯ ಹೇರುಬಂಡಿ ಹೂಡಬೇಕೆಂದರೆ ಇಬ್ಬರು ಗಟ್ಟಿ ಗಂಡಸರು ಬೇಕು. ಓಡುವ ಕಾಲ ಬಂದರೆ ನಾವಿಬ್ಬರು ಆ ಬಂಡಿಯ ಮುಂದೆ ಕೂತು ಅಳಬೇಕಷ್ಟೇ. ಅದಕ್ಕೇ ಒಂದು ದಮಣಿ ಬೇಕಾಗಿತ್ತು, ಅಂದರೆ ಮೇಲೆ ಬಿದಿರಿನ ಕಮಾನು ಇರುವ, ಕೂತು ಹೋಗುವ ಹಗುರ ಬಂಡಿ.

ಮಾವನ ಕಣ್ಣು ಹಿತ್ತಾಳೆ ಗೆಜ್ಜೆಯ, ಬಣ್ಣ ಬಳಿದ ಬಂಡಿಯ ಮೇಲೆ ಬಿತ್ತು. ಗಂಡಸರ ಬುದ್ಧಿ. ತಲೆ ಮೇಲೆ ಕತ್ತಿ ತೂಗುತ್ತಿದ್ದರೂ ನಾಲ್ಕು ಮಂದಿ ನೋಡಲಿ ಎಂಬ ಆಸೆ. ಅತ್ತೆ ಆ ಬಂಡಿಯ ಗಾಲಿಯನ್ನು ಕಾಲಿಂದ ಒಮ್ಮೆ ತಿರುಗಿಸಿದಳು. ಅದು ಕಿರ್ರೆಂದಿತು.

“ಇದು ಒದರ್ತದ. ಎರಡು ಹೊಲದ ಆಚಿ ಇದ್ದವರನ್ನ ಕರೀತದ, ಬ್ಯಾಡ,” ಎಂದಳು.

ಎರಡನೆಯದರ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಮರ, ಎತ್ತಲು ಹೋಗಿ ಅರ್ಧಕ್ಕೇ ಬಿಟ್ಟಳು. ಮೂರನೆಯದು ಮೂಲೆಯಲ್ಲಿತ್ತು. ಬಣ್ಣವಿಲ್ಲ, ಗೆಜ್ಜೆಯಿಲ್ಲ, ಗಾಲಿ ಸಣ್ಣವು. ಅತ್ತೆ ಅದರ ಮೂಕಿಯನ್ನು ಒಂದೇ ಕೈಯಲ್ಲಿ ಸೊಂಟದವರೆಗೆ ಎತ್ತಿದಳು. ಇಳಿಸಿ ನನ್ನ ಕಡೆ ತಿರುಗಿದಳು.

“ನೀ ಎತ್ತು.”

ಮಾವನ ಎದುರು, ಬಡಗಿಯ ಎದುರು, ಸೆರಗು ಹೊದ್ದುಕೊಂಡು ನಾನು ಬಂಡಿ ಎತ್ತಬೇಕು. ಸಿಟ್ಟು ಬಂತು. ನನ್ನ ಸಿಟ್ಟು ಆಗಲೂ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಅಲ್ಲೇ ಇದೆ. ಆದರೂ ಎತ್ತಿದೆ. ಎದ್ದಿತು. ಅತ್ತೆ ಒಳಗೆ ಹತ್ತಿ, ಕಾಲು ಮಡಚಿ ಮಲಗಿ ನೋಡಿದಳು, ಒಬ್ಬರು ಮಲಗಿ ಇನ್ನೊಬ್ಬರು ಕೂರಬಹುದು ಎಂದಳು.

ಬಡಗಿ ನಕ್ಕ. “ಹೆಣ್ಣಮಕ್ಕಳು ಬಂಡಿ ಆರಸೂದು ನಾ ಇವತ್ತೇ ನೋಡಿದ್ದು ನೋಡ್ರಿ.”

“ಇಷ್ಟ ದಿನ ಗಂಡಸರು ಆರಿಸಿದ್ರಲಾ,” ಎಂದಳು ಅತ್ತೆ, “ಅದಕ್ಕ ನಮ್ಮ ನಡಾ ಮುರದಾವ.”

ಹಾಗೆ ಆ ದಮಣಿ ನಮ್ಮ ಮನೆಗೆ ಬಂತು.

ನಮ್ಮ ಗೋಡೆಗೆ ಗೋಡೆ ಹತ್ತಿಕೊಂಡದ್ದು ಪಿಂಜಾರರ ಮನೆ. ಪಿಂಜಾರ ಹತ್ತಿ ಬಡಿದು ಗಾದಿ ತುಂಬುವವನು. ಹತ್ತಿ ಬಡಿಯುವ ಅವನ ಬಿಲ್ಲಿನ ನರ ಠಂಯ್ ಠಂಯ್ ಎನ್ನುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಅವನ ಹೆಂಡತಿಯನ್ನು ಊರೆಲ್ಲ ಚಿಕ್ಕಮ್ಮನೆಂಬಂತೆ ಖಾಲಾ ಎನ್ನುತ್ತಿತ್ತು. ದಮಣಿ ನೋಡಲು ಬಂದ ಖಾಲಾ ಅದನ್ನು ಒಂದು ಸುತ್ತು ಹಾಕಿ ಅತ್ತೆಗೆ ಹೇಳಿದಳು:

“ಅಕ್ಕಾ, ಇದಕ್ಕ ಪರದಾ ಇಲ್ಲ. ಪರದಾ ಇದ್ರ ಒಳಗ ನಮ್ಮವರ ದೊಡ್ಡ ಮನಿ ಹೆಣ್ಣಮಕ್ಕಳು ಕುಂತಾರ ಅಂತ ಯಾರೂ ಕೈ ಹಾಕಂಗಿಲ್ಲ. ನಾ ಹೊಲದು ಕೊಡ್ತೇನಿ.”

ಅವಳೇ ಬಟ್ಟೆ ತಂದಳು. ನೀಲಿ, ಅದರ ಮೇಲೆ ಕೆಂಪು ಗೆರೆ. ನಾವು ‘ಅವರ’ ಕೈಗೆ ಸಿಗಬಾರದೆಂದು ಖಾಲಾ ನಮ್ಮ ಪಡಸಾಲೆಯಲ್ಲಿ ಕೂತು ಪರದೆ ಹೊಲಿದಳು. ಉಳಿದ ತುಂಡನ್ನು ಗಂಡನ ಬಿಲ್ಲಿನ ಹಿಡಿಕೆಗೆ ಸುತ್ತಿ, ಮೇಲೆ ಬಿಳಿ ದಾರದಿಂದ ಹೊಲಿಗೆ ಹಾಕಿದಳು. ಅವನ ಅಂಗೈ ಬೊಬ್ಬೆ ಎದ್ದಿತ್ತು.

ಮಾವ, ಗಂಡ ಗಡಿ ದಾಟಿದರು. ಮಳೆ ಬಿಡುವು ಕೊಟ್ಟಾಗ ಪಿಂಜಾರನೂ ಬಿಲ್ಲು ಹೆಗಲಿಗೇರಿಸಿ, ಜನವಾಡದ ಕಡೆ ಗಾದಿ ಕೆಲಸವಿದೆ, ಅದನ್ನು ಮುಗಿಸಿ ಬೀದರದಲ್ಲಿ ಭಾವಮೈದುನನನ್ನು ನೋಡಿ ಬರುತ್ತೇನೆ ಎಂದು ಹೋದ. ಮನೆಯಲ್ಲಿ ಖಾಲಾ ಮತ್ತು ಚೊಚ್ಚಲ ಬಾಣಂತನಕ್ಕೆ ಬಂದಿದ್ದ ಅವಳ ಮಗಳು ಉಳಿದರು.

ಆಮೇಲೆ ವಿಮಾನ ಹಾರಿದವು. ಫೌಜು ಬಂತು, ಪೊಲೀಸ್ ಆ್ಯಕ್ಷನ್ ಆಯಿತು, ಬೇಗನೇ ಮುಗಿಯಿತು ಎಂದು ಈಗ ಎಲ್ಲರೂ ಹೇಳುತ್ತಾರೆ. ಮುಗಿದದ್ದು ಯಾರಿಗೆ? ನಮ್ಮ ಹೆದರಿಕೆ ಗೋಡೆ ಹಾರಿ ಪಕ್ಕದ ಮನೆಗೆ ಹೋಯಿತು, ಅಷ್ಟೇ. ಬೇರೆ ಊರಿನ ಮಂದಿ ಬಡಿಗೆ, ಕೊಡಲಿ ಹಿಡಿದು ಬಂದು ಮುಸಲ್ಮಾನರ ಮನೆ ಯಾವುದು ಎಂದು ಕೇಳತೊಡಗಿದರು. ಪಿಂಜಾರ ತನ್ನ ಬಾಳೆಲ್ಲ ಯಾರ ಮೇಲೂ ಕೈ ಎತ್ತಿದವನಲ್ಲ, ಹತ್ತಿಯ ಮೇಲೊಂದು ಬಿಟ್ಟರೆ. ಅದನ್ನು ಕೇಳುವವರು ಯಾರು? ಅತ್ತೆ ತಾಯಿ-ಮಗಳನ್ನು ನಮ್ಮ ಕಾಳಿನ ಕೋಣೆಯಲ್ಲಿ ಅಡಗಿಸಿದಳು. ಹುಡುಗಿಗೆ ತಿಂಗಳು ತುಂಬುತ್ತಿತ್ತು. ಜೋಳದ ಚೀಲಗಳ ನಡುವೆ ಅವಳು ಕೆಮ್ಮಿದರೂ ನಾನು ಓಡಿ ಹೋಗಿ ಬಾಗಿಲ ಅಗುಳಿ ನೋಡುತ್ತಿದ್ದೆ. ನಮ್ಮ ಮನೆಗೂ ಬೆಂಕಿ ಬೀಳುತ್ತದೆ ಎಂದು ನಾನು ಅತ್ತೆಯ ಮೇಲೆ ಹರಿಹಾಯ್ದೆ.

“ಆಕಿ ಇಲ್ಲಿ ಹಡದ್ರ ಕೂಸು ಅಳ್ತದ,” ಎಂದಳು ಅತ್ತೆ. “ಕೂಸಿನ ಬಾಯಿ ಹ್ಯಾಂಗ ಮುಚ್ಚತಿ? ಬೀದರದಾಗ ಫೌಜು ಅದ. ಅದಕ್ಕ ಹತ್ತಿದ ಚಿದ್ರಿಯಾಗ ಖಾಲಾನ ತಮ್ಮ ಇದ್ದಾನ. ಬೆಳಗಾದ ಕೂಡ್ಲೆ ಬಂಡಿ ಹೂಡು.”

ಖಾಲಾ ಹೊಲಿದ ಪರದೆಯನ್ನು ಅತ್ತೆ ತಾನೇ ಬಿಚ್ಚಿ ಮನೆಯಲ್ಲೇ ಇಟ್ಟಳು. ಮೊನ್ನೆಯವರೆಗೆ ಕಾಯುತ್ತಿದ್ದ ಪರದೆ ಈಗ ಕೊಲ್ಲಿಸುವುದಾಗಿತ್ತು. ಹುಡುಗಿಗೆ ನನ್ನ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಚೊಚ್ಚಲ ಬಸುರಿ ಸೊಸೆ ತವರಿಗೆ ಹೊರಟಂತೆ ಬಂಡಿಯಲ್ಲಿ ಮಲಗಿಸಿದಳು. ಖಾಲಾ ಸೂಲಗಿತ್ತಿಯಂತೆ ಹಿಂದೆ ನಡೆದು ಬರಬೇಕು. ಎತ್ತು ಹೊಡೆಯುವವಳು ನಾನು.

ದಾರಿಯುದ್ದಕ್ಕೂ ಹುಡುಗಿ ಕೇಳುತ್ತಿದ್ದದ್ದು ಒಂದೇ, “ಅಪ್ಪ ಮಾಮಾನ ಮನಿಗೆ ಮುಟ್ಟಿರ್ತಾನಲಾ?” “ಮುಟ್ಟಿರ್ತಾನ,” ಎಂದು ಖಾಲಾ ಪ್ರತಿ ಸಲ ಹೇಳಿದಳು.

ಜನವಾಡ ಇನ್ನೂ ಮುಂದಿರುವಾಗ ಎಡಗಾಲಿ ಕರಿಮಣ್ಣಿನ ಕೆಸರಿನಲ್ಲಿ ಕೂತಿತು. ಅತ್ತೆ ಇಳಿದು ಒಂದು ಕಡೆ, ಖಾಲಾ ಇನ್ನೊಂದು ಕಡೆ ಹೆಗಲು ಕೊಟ್ಟರು. ಇನ್ನೊಂದು ಕೈ ಇದ್ದಿದ್ದರೆ ಏಳುತ್ತಿತ್ತು. ಆಗಲೇ ಎದುರಿಂದ ಅವರು ಬಂದರು. ‘ಅವರು’ ಅಲ್ಲ, ಈಗಿನ ಇವರು. ಒಬ್ಬನ ತಲೆಯ ಮೇಲೆ ತಾಮ್ರದ ಹಂಡೆ, ಒಬ್ಬನ ಕಂಕುಳಲ್ಲಿ ಕೋಳಿ. ಎಲ್ಲರ ಕೈಯಲ್ಲೂ ಕೊಡಲಿ.

ಮುಂದಿದ್ದ ಹಿರಿಯ, “ಯಾರಬೇ ಒಳಗ?” ಎಂದ.

“ನನ್ನ ಸೊಸಿರಿ. ಹಡ್ಯಾಕ ತವರಿಗೆ ಹೊಂಟಾಳ. ಹಿಂದ ನಿಂತಾಕಿ ಸೂಲಗಿತ್ತಿ.”

“ಮತ್ತ ಎತ್ತು ಹೊಡ್ಯಾಕಿ?”

“ಕೂಲಿ ಹುಡುಗಿ,” ಎಂದಳು ಅತ್ತೆ.

ಅವನು ಒಳಗೆ ಬಗ್ಗಿ ಬಳೆ ನೋಡಿದ, ತುಂಬಿದ ಉಡಿ ನೋಡಿದ. “ಪಿತೃಪಕ್ಷ ನಡದದ. ಪಕ್ಷದಾಗ ಉಡಿ ತುಂಬಿ ಸೊಸಿನ ಯಾರ ತವರಿಗೆ ಕಳಸ್ತಾರ?”

ಹಿರಿಯರಿಗೆ ಎಡೆ ಇಡುವ ಗಂಡಸರಿಲ್ಲದ ಮನೆಯಲ್ಲಿ ಪಕ್ಷ ಬಂದದ್ದೇ ನಮಗೆ ನೆನಪಿರಲಿಲ್ಲ. ಸತ್ತವರ ಹದಿನೈದು ದಿನದಲ್ಲಿ ನಾವು ಶುಭಕಾರ್ಯ ಹೊತ್ತು ಹೊರಟಿದ್ದೆವು. ಎಂಥ ಹಳ್ಳಿಯ ಮುದುಕನೂ ಹಿಡಿಯುವ ತಪ್ಪು.

ಅತ್ತೆಯ ದನಿ ನಡುಗಲಿಲ್ಲ, ಏರಿತು. “ನಮ್ಮ ಮನಿ ಗಂಡಸರು ಗಡಿ ದಾಟಿ ಹೋದವರು ಇನ್ನಾ ಬಂದಿಲ್ಲ. ಎಡಿ ಇಡವರೇ ಇಲ್ಲ, ಪಂಚಾಂಗ ಯಾರು ನೋಡಬೇಕಪಾ? ಬ್ಯಾನಿ ಪಕ್ಷ ಕೇಳಿ ಬರ್ತಾವೇನು?”

ಒಳಗೆ ಹುಡುಗಿ ನರಳಿದಳು. ಅದು ನಾಟಕವಲ್ಲ, ಬಂಡಿಯ ಕುಲುಕಿಗೆ ನೋವು ಶುರುವಾಗಿತ್ತು. ಆ ಮನುಷ್ಯ ಕೊಡಲಿಯನ್ನು ಪಕ್ಕದವನ ಕೈಗೆ ಕೊಟ್ಟ. “ಇಳೀಬ್ಯಾಡ ತಂಗಿ, ಮಲಕೋ,” ಎಂದು ಅವಳಿಗೆ ಹೇಳಿ, ಹೆಗಲಲ್ಲಿದ್ದುದನ್ನು ಇಳಿಸಿದ. ಕೆಸರಿನಲ್ಲಿ ಇಡಲು ಜಾಗ ಕಾಣದೆ ಖಾಲಾನ ಕಡೆ ಚಾಚಿದ.

“ಇದನ್ನ ಹಿಡಿಬೇ. ನರ ತೊಯ್ಯಬಾರ್ದು.”

ಅದು ಪಿಂಜಾರನ ಬಿಲ್ಲು. ಬಿಲ್ಲು ಎಲ್ಲ ಪಿಂಜಾರರದೂ ಒಂದೇ ಎಂದು ನನಗೆ ನಾನೇ ಹೇಳಿಕೊಂಡೆ. ಹಿಡಿಕೆಗೆ ನೀಲಿ ಬಟ್ಟೆ, ಕೆಂಪು ಗೆರೆ, ಬಿಳಿ ದಾರದ ಹೊಲಿಗೆ. ಖಾಲಾ ಎರಡೂ ಕೈಯಲ್ಲಿ ಹಿಡಿದಳು. ಈಗ ಚೀರುತ್ತಾಳೆ, ಎಲ್ಲ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಅವಳು ಚೀರಲಿಲ್ಲ. ಅತ್ತೆ ಆಚೆ ಗಾಲಿಗೆ ಬಗ್ಗಿದ್ದಳು, ಅವಳಿಗೆ ಕಾಣಲಿಲ್ಲ. ಹುಡುಗಿ ಕಮಾನಿನೊಳಗೆ ಕಣ್ಣು ಮುಚ್ಚಿ ಮಲಗಿದ್ದಳು.

ಅವನು ಒಮ್ಮೆ ಹೆಗಲು ಕೊಟ್ಟದ್ದೇ ಗಾಲಿ ಮೇಲೆ ಬಂತು. “ಭಾಳ ಹಗುರ ಅದ. ಚಲೋ ಬಂಡಿ ಆರಿಸೀರಿ,” ಎಂದ. ಆಮೇಲೆ ಖಾಲಾನ ಕಡೆ ಕೈ ಚಾಚಿದ.

ಅವಳು ಕೊಡಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಕೊಡಲಿಲ್ಲ. ಒಳಗೆ ಮಗಳು ಮತ್ತೆ ನರಳಿದಳು. ಖಾಲಾ ಬಿಲ್ಲನ್ನು ಅವನ ಕೈಗಿಟ್ಟು, “ನಿಮಗ ಪುಣ್ಯ ಬರ್ಲಿರಿ,” ಎಂದಳು.

ಚಿದ್ರಿ ಮುಟ್ಟಿದೆವು. ಮನೆಯ ಹೆಂಗಸರು ಹುಡುಗಿಯನ್ನು ಎತ್ತಿಕೊಂಡು ಒಳಗೆ ಹೋದರು. “ಅಪ್ಪ ಬಂದಾನೇನು?” ಎಂದು ಅವಳು ಕೇಳಿದ್ದು ಅಂಗಳಕ್ಕೆ ಕೇಳಿಸಿತು. “ಜನವಾಡದಾಗ ಕೆಲಸ ಮುಗದಿಲ್ಲಂತ, ಮುಗಿಸಿ ಬರ್ತಾನ,” ಎಂದಳು ಖಾಲಾ.

ನಾನು ಎತ್ತು ಬಿಚ್ಚಿ ನೀರಿಗಿಟ್ಟಿದ್ದೆ. ಖಾಲಾ ಹೊರಗೆ ಬಂದು ದಮಣಿಗೆ ಒರಗಿ ನಿಂತಳು.

“ನೀನೂ ನೋಡ್ದಿ,” ಎಂದಳು.

“ನೋಡ್ದೆರಿ.”

“ಕೂಸು ಕೈಗೆ ಬರೂತನಾ ಬಾಯಿ ಬಿಡಬ್ಯಾಡವ್ವಾ.”

ಆಗಲೆಂದೆ. ಅವಳ ಕೈ ಮೊಣಕೈವರೆಗೆ ಕೆಸರಾಗಿತ್ತು, ಒಣಗಿ ಬಿರಿಯುತ್ತಿತ್ತು. ಬಕೆಟ್ಟು ಸರಿಸಿ, “ಕೈ ತೊಳಕೋರಿ ಖಾಲಾ,” ಎಂದೆ.

ಅವಳು ಬಿಲ್ಲು ಹಿಡಿದಿದ್ದ ಎರಡೂ ಅಂಗೈ ಮುಚ್ಚಿ ಎದೆಗೆ ಹಿಡಿದುಕೊಂಡು, “ಇವತ್ತ ಬ್ಯಾಡ,” ಎಂದಳು.